ಗಡ್ಡಿಯ ಮನೆಗೆ ಕರೆಂಟು: ಬ್ಯಾಟರಿ ಕಲಿಸಿದ ಪಾಠಗಳು

ಲಿಂಗಸುಗೂರು ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಕೃಷ್ಣೆ ಕವಲೊಡೆದು ಹರಿಯುತ್ತದೆ. ಮ್ಯಾದರಗಡ್ಡಿ, ಕರಕಲಗಡ್ಡಿ, ಓಂಕಾರಮ್ಮನಗಡ್ಡಿ ಎಂಬ ಗಡ್ಡಿಗಳು, ಅಂದರೆ ನಡುಗಡ್ಡೆಗಳು, ಇರುವುದು ನೀರಿನ ನಡುವೆ. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಇತ್ತ ಸಿಂಧನೂರು, ಮಸ್ಕಿ ಕಡೆಯ ಹೊಲದ ಮನೆಗಳಿಗೆ ಪಂಪ್‌ಸೆಟ್ ಲೈನೇ ಗತಿ. ತ್ರೀಫೇಸ್ ಏಳು ತಾಸು ಬಂದರೆ ಉಳಿದ ಹೊತ್ತಿಗೆ ಭರವಸೆಯಿಲ್ಲ. ಇಂಥ ಮನೆಗಳಿಗೆ ಸೋಲಾರ್, ಬ್ಯಾಟರಿ, ಇನ್ವರ್ಟರ್ ಕೂಡಿಸಿಕೊಡುವುದು ನನ್ನ ಕೆಲಸ. ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017–18ರಲ್ಲಿ ‘ತಾರಿಣಿ’ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದರಲ್ಲ, ನಡುಸಮುದ್ರದಲ್ಲಿ ಅಂಥ ದೋಣಿಗೂ ಕರೆಂಟಿನ ಕಂಬವಿಲ್ಲ, ತಂತಿಯಿಲ್ಲ. ಕೂಡಿಟ್ಟ ಕರೆಂಟಿನಲ್ಲೇ ನಡೆಸಬೇಕಾದ ಅಲ್ಲಿಯ ಲೆಕ್ಕವೇ ಇಲ್ಲಿಯದೂ.

1. ಮೊದಲು ವ್ಯಾಟ್ ಬರೆಯಿರಿ, ಆಮೇಲೆ ಅಂಗಡಿಗೆ ಹೋಗಿ. “ಅಣ್ಣಾ, ಫ್ಯಾನು, ಟಿವಿ, ಮಿಕ್ಸರ್ ನಡೀಬೇಕ್ರಿ, ಎಷ್ಟು ದೊಡ್ಡ ಬ್ಯಾಟರಿ ಬೇಕು?” ಎಂದು ಕೇಳುವವರ ಕೈಗೆ ನಾನು ಮೊದಲು ಕೊಡುವುದು ಪೆನ್ನು, ಹಾಳೆ. 9 ವ್ಯಾಟ್‌ನ ಐದು ಎಲ್‌ಇಡಿ ಬಲ್ಬು ಐದು ತಾಸು ಉರಿದರೆ 225 ವ್ಯಾಟ್-ಅವರ್. 50 ವ್ಯಾಟ್‌ನ ಟಿವಿ ಮೂರು ತಾಸಿಗೆ 150. ಮಿಕ್ಸರ್ 500 ವ್ಯಾಟ್ ಇದ್ದರೂ ಚಟ್ನಿ ಅರೆಯಲು ಆರು ನಿಮಿಷ ಸಾಕು, 50. ಮೊಬೈಲಿಗೆ 30. ಹಳೆ ಮಾದರಿಯ 70 ವ್ಯಾಟ್ ಫ್ಯಾನು ಹತ್ತು ತಾಸು ತಿರುಗಿದರೆ ಅದೊಂದೇ 700. ಒಟ್ಟು 1,155. ಇನ್ವರ್ಟರ್ ತಾನೇ ನುಂಗುವುದನ್ನೂ ಸೇರಿಸಿದರೆ ಬ್ಯಾಟರಿಯಿಂದ ಸುಮಾರು 1,350 ಹೋಗುತ್ತದೆ.

12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಇರುವುದೇ 1,800 ವ್ಯಾಟ್-ಅವರ್. ಸೀಸದ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಅಂದರೆ ಕೈಗೆ ಸಿಗುವುದು 900. ಎರಡನೇ ಬ್ಯಾಟರಿ ಕೊಳ್ಳುವ ಮೊದಲು ಫ್ಯಾನು ಬದಲಿಸಿ. ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ವ್ಯಾಟ್ ಸಾಕು. ಒಟ್ಟು ಬಳಕೆ 755ಕ್ಕೆ ಇಳಿಯುತ್ತದೆ, ಒಂದೇ ಬ್ಯಾಟರಿಯಲ್ಲಿ ಮನೆ ನಡೆಯುತ್ತದೆ. ನಮ್ಮ ಭಾಗದ ಬೇಸಿಗೆಯಲ್ಲಿ ಫ್ಯಾನು ನಿಲ್ಲಿಸಿ ಎಂದು ಯಾರಿಗೂ ಹೇಳಲಾಗದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

2. ಬಿಸಿ ಮಾಡುವ ಯಾವುದನ್ನೂ ಬ್ಯಾಟರಿಗೆ ಹಚ್ಚಬೇಡಿ. ಇಸ್ತ್ರಿ ಪೆಟ್ಟಿಗೆ, ವಾಟರ್ ಹೀಟರ್, ಇಂಡಕ್ಷನ್ ಒಲೆ ಮೂರೂ ಬೇಡ.

3. ತಂತಿಯಲ್ಲಿ ಉಳಿತಾಯ ಮಾಡಬೇಡಿ. 500 ವ್ಯಾಟ್ ಮಿಕ್ಸರ್‌ಗೆ 230 ವೋಲ್ಟಿನಲ್ಲಿ ಎರಡು ಆಂಪಿಯರ್ ಚಿಲ್ಲರೆ ಸಾಕು. ಅದೇ ಕೆಲಸಕ್ಕೆ 12 ವೋಲ್ಟಿನ ಬ್ಯಾಟರಿ ಸುಮಾರು 50 ಆಂಪಿಯರ್ ಕೊಡಬೇಕು. ಮನೆಗೆ ಎಳೆಯುವ ಸಾದಾ ವೈರನ್ನೇ ಬ್ಯಾಟರಿಗೂ ಹಾಕಿದರೆ ವೈರಿನ ಪ್ಲಾಸ್ಟಿಕ್ ಮೆತ್ತಗಾಗಿ ವಾಸನೆ ಬರುತ್ತದೆ. ದಪ್ಪ ಕೇಬಲ್ ಹಾಕಿ, ಇನ್ವರ್ಟರನ್ನು ಬ್ಯಾಟರಿಯ ಮಗ್ಗುಲಲ್ಲೇ ಇಡಿ, ಪಾಸಿಟಿವ್ ತಂತಿಗೆ ಫ್ಯೂಸ್ ಇರಲೇಬೇಕು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟುತ್ತದಲ್ಲ, ತಂತಿ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತಿಕ್ಕಿ, ಒರೆಸಿ, ನಟ್ಟು ಬಿಗಿಮಾಡಿ ವ್ಯಾಸಲೀನ್ ಸವರಿ. ಆ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ‘ಬ್ಯಾಟರಿ ಸತ್ತಿದೆ’ ಎಂದು ಕರೆದ ಎಷ್ಟೋ ಮನೆಗಳಲ್ಲಿ ಸಡಿಲಾಗಿದ್ದದ್ದು ಈ ನಟ್ಟು ಮಾತ್ರ.

4. ಫ್ರಿಜ್ ಬೇಕೆನ್ನುವವರು ಚಾಲೂ ಆಗುವ ಗಳಿಗೆಯನ್ನು ನೋಡಬೇಕು. ಮೋಟಾರು ತಿರುಗಲು ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಸ್ಕ್ವೇರ್‌ವೇವ್ ಇನ್ವರ್ಟರ್ ಬೇಡ, ಸೈನ್‌ವೇವ್ ತೆಗೆದುಕೊಳ್ಳಿ. ಫ್ರಿಜ್ಜಿಗೆ ಮೇಲಿನ ಲೆಕ್ಕ ಸಾಲದು, ಬ್ಯಾಟರಿ, ಪ್ಯಾನೆಲ್ ಎರಡೂ ಹೆಚ್ಚಬೇಕು.

5. ಹಗಲಿನ ಕೆಲಸ ಹಗಲೇ ಮುಗಿಸಿ. ಮಿಕ್ಸರ್, ಮೊಬೈಲ್ ಚಾರ್ಜು ಹನ್ನೊಂದರಿಂದ ಎರಡರೊಳಗೆ ಆದರೆ ಬಿಸಿಲಿನ ಕರೆಂಟಿನಲ್ಲೇ ಆಗಿಹೋಗುತ್ತದೆ, ಬ್ಯಾಟರಿ ರಾತ್ರಿಗೆ ಉಳಿಯುತ್ತದೆ. ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ ಸುಮಾರು 16 ಡಿಗ್ರಿ ವಾಲಿರಲಿ. ಬೇವಿನ ಟೊಂಗೆಯ ನೆರಳು ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಬಹಳ ಕುಸಿಯುತ್ತದೆ. ನೆಲ್ಲು ಕಟಾವಿನ ಧೂಳು ಕೂತರೆ ಬೆಳಿಗ್ಗೆ, ಗಾಜು ತಣ್ಣಗಿದ್ದಾಗ ತೊಳೆಯಿರಿ. ಇನ್ನೊಂದು ಮಾತು: ಬಿಸಿಲು ಹೆಚ್ಚಿದಷ್ಟೂ ಕರೆಂಟು ಹೆಚ್ಚು ಎಂಬುದು ಪೂರ್ತಿ ನಿಜವಲ್ಲ. ಪ್ಯಾನೆಲ್ ಕಾದಂತೆ 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಶೇ 0.4ರಷ್ಟು ಇಳುವರಿ ಇಳಿಯುತ್ತದೆ. ಅದಕ್ಕೇ ತಗಡಿಗೆ ಅಂಟಿಸಿದಂತೆ ಕೂಡಿಸದೆ, ಕೆಳಗೆ ಗಾಳಿಯಾಡುವಂತೆ ಎತ್ತರಿಸಬೇಕು.

6. ಬ್ಯಾಟರಿಗೂ ನೆರಳು ಬೇಕು. ಕಾದ ತಗಡಿನ ಶೆಡ್ಡಿನಲ್ಲಿಟ್ಟರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರಿನ ನೀರು, ಆರ್‌ಒ ನೀರು ಎರಡೂ ಬೇಡ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮಟ್ಟ ನೋಡಿ. ಚಾರ್ಜಾಗುವಾಗ ಹೈಡ್ರೋಜನ್ ಅನಿಲ ಹೊರಡುವುದರಿಂದ ಹತ್ತಿರ ಬೀಡಿ ಹಚ್ಚಬೇಡಿ.

7. ಜನರೇಟರ್ ಇಟ್ಟವರು ಚೇಂಜ್‌ಓವರ್ ಸ್ವಿಚ್ ಹಾಕಿಸಲೇಬೇಕು. ಪ್ಲಗ್ಗಿನ ಮೂಲಕ ಮನೆಗೆ ಕರೆಂಟು ಕೊಟ್ಟರೆ ಅದು ಹಿಂದಕ್ಕೆ ಲೈನಿಗೆ ಹರಿದು, ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟಿಗೇರಬಹುದು. ಕರೆಂಟು ಇಲ್ಲವೆಂದು ಕಂಬ ಹತ್ತಿದ ಲೈನ್‌ಮನ್ ಜೀವ ಹೋಗುತ್ತದೆ.

8. ಗಡ್ಡಿಯವರು ಜೂನ್‌ನಲ್ಲೇ ಎರಡು ಫ್ಯೂಸ್, ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್, ಒಂದು ಬ್ಯಾಟರಿ ಟಾರ್ಚು ತಂದಿಟ್ಟುಕೊಳ್ಳಿ, ಬ್ಯಾಟರಿಯನ್ನು ಎತ್ತರದ ಕಟ್ಟೆಗೆ ಏರಿಸಿ. ಹೊಳೆ ತುಂಬುವ ದಿನಗಳಲ್ಲೇ ಮೋಡವೂ ಕವಿದಿರುತ್ತದೆ. ಆಗ ಟಿವಿ ಬಂದ್ ಮಾಡಿ, ಒಂದು ಬಲ್ಬು ಮತ್ತು ಮೊಬೈಲಿಗೆ ಕರೆಂಟು ಉಳಿಸಿ. ಬಲೆಗೆ ಸೀಸದ ಗುಂಡು ಬೇಕೆಂದು ಹಳೆ ಬ್ಯಾಟರಿ ಒಡೆದು ಕರಗಿಸಬೇಡಿ, ಆ ಹೊಗೆ ಮಕ್ಕಳ ಮೆದುಳಿಗೆ ವಿಷ. ಅಂಗಡಿಗೇ ಮರಳಿಸಿ, ಹೊಸದರ ಬೆಲೆಯಲ್ಲಿ ಹಳೆಯದರ ಹಣ ಮುರಿದುಕೊಳ್ಳುತ್ತಾರೆ.