ಕ್ಯಾಮೆರಾಗೆ ಅನುಮಾನ ಬಂದರೆ ಡಿಬಾರ್ ಮಾಡಬಹುದೇ?

ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಚಾಂಗದೇವರ ಜಾತ್ರೆಯ ದಿನಗಳಲ್ಲಿ ಮೈಕಿನ ಸದ್ದಿನಿಂದ ತಪ್ಪಿಸಿಕೊಳ್ಳುವುದು ಕಷ್ಟ. ಬೆಣ್ಣೆಹಳ್ಳ ತುಂಬಿ ಬಂದರೆ ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬುವಂತಿಲ್ಲ. ಮಂದಿ ತುಂಬಿದ ಮನೆಯ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತ ಹುಡುಗಿಯ ಬೆನ್ನ ಹಿಂದೆ ಅಜ್ಜಿ ಹಾದುಹೋಗುವುದು ಸಹಜ. ಆದರೆ ಮನೆಯಿಂದ ಬರೆಯುವ ಆನ್‌ಲೈನ್ ಪರೀಕ್ಷೆಯ ನಿಗಾ ತಂತ್ರಾಂಶಕ್ಕೆ ಬೇರೆ ದನಿ, ಬೇರೆ ಮುಖ, ಕಡಿದುಹೋದ ಸಂಪರ್ಕ ಎಲ್ಲವೂ ನಕಲಿನ ಗುರುತುಗಳಾಗಿ ಕಾಣುತ್ತವೆ. ಹಳ್ಳಿಯ ವಿದ್ಯಾರ್ಥಿಗಳು ಕಾನೂನು ತಿಳಿದುಕೊಳ್ಳಬೇಕಾದದ್ದು ಇಲ್ಲಿಯೇ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಾಮಾನ್ಯ ಸೆಮಿಸ್ಟರ್ ಪರೀಕ್ಷೆಗಳನ್ನು ಕೇಂದ್ರಕ್ಕೆ ಹೋಗಿ ಪೆನ್ನು ಹಿಡಿದೇ ಬರೆಯಬೇಕು. ಆದರೆ ಕೆಲಸ ಮಾಡುತ್ತಲೇ ಆನ್‌ಲೈನ್ ಪದವಿಗೆ ಸೇರುವವರು ಹಳ್ಳಿಗಳಲ್ಲೂ ಇದ್ದಾರೆ. ಅಂಥ ಪದವಿಗಳ ಪರೀಕ್ಷೆ ನಿಗಾ ವ್ಯವಸ್ಥೆಯಲ್ಲೇ ನಡೆಯಬೇಕೆಂದು ಯುಜಿಸಿಯ 2020ರ ನಿಯಮಾವಳಿ ಹೇಳುತ್ತದೆ. ಕೋವಿಡ್ ಕಾಲದಲ್ಲಿ ಅಂತಿಮ ವರ್ಷದ ಪರೀಕ್ಷೆಯನ್ನು ಕೇಂದ್ರದಲ್ಲಾಗಲಿ ಆನ್‌ಲೈನಿನಲ್ಲಾಗಲಿ ನಡೆಸಿ ಎಂದ ಯುಜಿಸಿಯ ಮಾರ್ಗಸೂಚಿಯನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 28ರಂದು ಎತ್ತಿಹಿಡಿಯಿತು. ಹಾಗಾಗಿ ಆನ್‌ಲೈನ್ ಪರೀಕ್ಷೆ ಅನ್ನುವ ಒಂದೇ ಕಾರಣಕ್ಕೆ ಅದು ಸಿಂಧುವಲ್ಲ ಎಂದು ವಾದಿಸಿ ಪ್ರಯೋಜನವಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. 'ಕಾಪಿ ಹೊಡೆದ್ರೆ ಒಂದು ಕೋಟಿ ದಂಡ' ಎಂದು ಹೆದರಿಸುವವರಿದ್ದಾರೆ. ಆ ಮೊತ್ತ ಬಂದಿರುವುದು 2024ರ ಜೂನ್ 21ರಂದು ಜಾರಿಗೆ ಬಂದ ಕೇಂದ್ರದ ಸಾರ್ವಜನಿಕ ಪರೀಕ್ಷೆಗಳ ಕಾಯ್ದೆಯಿಂದ. ಯುಪಿಎಸ್‌ಸಿ, ರೈಲ್ವೆ, ಬ್ಯಾಂಕ್ ನೇಮಕಾತಿ, ಎನ್‌ಟಿಎ ಮುಂತಾದ ಸಂಸ್ಥೆಗಳ ಪರೀಕ್ಷೆಗಳಲ್ಲಿ ಪ್ರಶ್ನೆಪತ್ರಿಕೆ ಸೋರಿಸುವ ಜಾಲಗಳನ್ನು ಹಿಡಿಯಲೆಂದು ಮಾಡಿದ ಕಾಯ್ದೆ ಅದು. ನಿಮ್ಮ ಸೆಮಿಸ್ಟರ್ ಪರೀಕ್ಷೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಯೇ ಕೃತಿಚೌರ್ಯ ಕುರಿತ ಯುಜಿಸಿಯ 2018ರ ನಿಯಮಾವಳಿ ಸಂಶೋಧನಾ ಪ್ರಬಂಧ, ಲೇಖನಗಳಿಗೆ ಸಂಬಂಧಿಸಿದ್ದು. ಉತ್ತರಪತ್ರಿಕೆ, ಅಸೈನ್‌ಮೆಂಟುಗಳನ್ನು ಅದು ಸ್ಪಷ್ಟವಾಗಿ ಹೊರಗಿಟ್ಟಿದೆ. ಪರೀಕ್ಷೆಯಲ್ಲಿ ಮೊಬೈಲ್ ನೋಡಿದರೆ, ಎಐ ಹತ್ತಿರ ಉತ್ತರ ಬರೆಸಿಕೊಂಡರೆ ಶಿಕ್ಷೆ ಕೊಡುವುದು ನಿಮ್ಮ ವಿಶ್ವವಿದ್ಯಾಲಯದ ಸ್ವಂತ ಪರೀಕ್ಷಾ ನಿಯಮ. ಆ ನಿಯಮದ ಪ್ರತಿಯನ್ನು ಹಾಲ್ ಟಿಕೆಟ್ ಬರುವ ಮೊದಲೇ ಓದಿ.

ಆದರೆ ಒಂದು ಕೆಲಸ ವಿಶ್ವವಿದ್ಯಾಲಯದ ಬಾಗಿಲು ದಾಟಿ ಪೊಲೀಸ್ ಠಾಣೆಗೆ ಹೋಗುತ್ತದೆ. 'ನನ್ನ ಐಡಿ, ಪಾಸ್‌ವರ್ಡ್ ಕೊಡ್ತೀನಿ, ನೀ ಬರದುಬಿಡು' ಎಂದು ಗೆಳೆಯನಿಗೆ ಒಪ್ಪಿಸುವುದು ಸಣ್ಣ ಸಹಾಯವಲ್ಲ. ಕಂಪ್ಯೂಟರ್ ಮೂಲಕ ಮತ್ತೊಬ್ಬರಂತೆ ನಟಿಸಿ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮಿನಲ್ಲಿ ಇಂಥ ವಂಚನೆಗೆ 5 ವರ್ಷದವರೆಗೆ ಶಿಕ್ಷೆಯಿದೆ. ಬರೆದವನ ಜೊತೆ ಬರೆಸಿದವನೂ ಸಿಕ್ಕಿಬೀಳುತ್ತಾನೆ. ಓದಿ ಬರೆದ ಸಹಪಾಠಿಯ ಸ್ಥಾನ ಕಸಿಯುವ ಈ ಕೆಲಸಕ್ಕೆ ಬಡತನವಾಗಲಿ ಕೆಲಸದ ಒತ್ತಡವಾಗಲಿ ನೆಪವಾಗಲಾರದು.

ಇನ್ನು, ತಪ್ಪು ಮಾಡದೆಯೂ ನೋಟಿಸ್ ಬಂದವರ ಮಾತು. ಉತ್ತರ ಪ್ರದೇಶದ ಮೂವರು ವಿದ್ಯಾರ್ಥಿಗಳು ಪಾಸಾಗಿ ತಿಂಗಳುಗಳಾದ ಮೇಲೆ, ಅವರನ್ನು ಒಂದು ಮಾತೂ ಕೇಳದೆ, ಫಲಿತಾಂಶವನ್ನು ರದ್ದು ಮಾಡಲಾಗಿತ್ತು. ಘನಶ್ಯಾಮ್ ದಾಸ್ ಗುಪ್ತ ಪ್ರಕರಣವೆಂದು ಹೆಸರಾದ 1962ರ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ವಿದ್ಯಾರ್ಥಿಯ ಮುಂದಿನ ಬದುಕಿಗೇ ಪೆಟ್ಟು ಕೊಡುವ ಇಂಥ ನಿರ್ಧಾರಕ್ಕೆ ಮೊದಲು ಅವನ ವಿವರಣೆ ಕೇಳಲೇಬೇಕು ಎಂದಿತು. ತಂತ್ರಾಂಶ ಕೆಂಪು ಗುರುತು ಹಾಕಿದೆ ಎಂಬುದು ಆರೋಪವಷ್ಟೇ, ತೀರ್ಮಾನವಲ್ಲ. ಆರೋಪ ಏನು, ಯಾವ ನಿಮಿಷದ ದೃಶ್ಯ, ಯಾವ ನಿಯಮದ ಉಲ್ಲಂಘನೆ ಎಂದು ಬರಹದಲ್ಲಿ ಕೇಳಿ.

ವಿವರಣೆ ಕೊಡುವ ಈ ಹಕ್ಕಿಗೆ ಮಿತಿಗಳೂ ಇವೆ. ಇಡೀ ಕೇಂದ್ರದಲ್ಲೇ ಸಾಮೂಹಿಕ ನಕಲು ನಡೆದಿದ್ದರೆ ಒಬ್ಬೊಬ್ಬರನ್ನೂ ವಿಚಾರಿಸಬೇಕಿಲ್ಲ ಎಂದು ಬಿಹಾರದ ಪ್ರಕರಣವೊಂದರಲ್ಲಿ 1970ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಒಬ್ಬ ವಿದ್ಯಾರ್ಥಿಯ ವಿಚಾರಣೆಯಲ್ಲೂ ಕ್ರಿಮಿನಲ್ ಕೇಸಿನಷ್ಟು ಬಿಗಿಯಾದ ಪುರಾವೆ ಬೇಕಿಲ್ಲ, ಹೆಚ್ಚು ಸಂಭವನೀಯ ಯಾವುದು ಎಂಬ ತೂಕ ಸಾಕು ಎಂದು 1991ರ ಕೆ.ಎಸ್. ಗಾಂಧಿ ಪ್ರಕರಣದ ತೀರ್ಪು ಹೇಳುತ್ತದೆ. ಅಂದರೆ ಬಾಯಿಮಾತಿನ ಸಮಜಾಯಿಷಿ ನಿಮ್ಮನ್ನು ಉಳಿಸುವುದಿಲ್ಲ, ದಾಖಲೆ ಬೇಕು. ಪರೀಕ್ಷೆಗೆ ಮೊದಲೇ ಕೋಣೆಯ ಸ್ಥಿತಿ, ಜಾತ್ರೆಯ ಸದ್ದು ಇತ್ಯಾದಿಯನ್ನು ಇ-ಮೇಲಿನಲ್ಲಿ ತಿಳಿಸಿ. ಸಾಧ್ಯವಿದ್ದರೆ ಕೇಂದ್ರದಲ್ಲೇ ಬರೆಯಲು ಅವಕಾಶ ಕೋರಿ. ಸಂಪರ್ಕ ಕಡಿದರೆ ಆ ಕ್ಷಣವೇ ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪರೀಕ್ಷೆ ನಡೆಯುತ್ತಿರುವಾಗ ತೆರೆಯ ಚಿತ್ರ ಹಿಡಿಯಲು ಮಾತ್ರ ಹೋಗಬೇಡಿ. ಅದೇ ನಿಯಮಭಂಗವಾಗಬಹುದು.

ವಿಶ್ವವಿದ್ಯಾಲಯದ ನಿರ್ಧಾರ ಅನ್ಯಾಯ ಅನ್ನಿಸಿದರೆ ಯುಜಿಸಿಯ 2023ರ ನಿಯಮಾವಳಿಯಂತೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಕೊಡಿ. ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಸಮಾಧಾನವಾಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿಗೆ ಹೋಗಬಹುದು. ಬರೀ 'ಅಂಕ ಕಡಿಮೆ ಬಂತು' ಎಂದರೆ ಅವರು ಕೈಹಾಕುವುದಿಲ್ಲ, ನಿರ್ದಿಷ್ಟ ಅಕ್ರಮ ಅಥವಾ ತಾರತಮ್ಯ ತೋರಿಸಬೇಕು. ತೋರಿಸಲು ಕಾಗದ ಬೇಕಾದರೆ ಸರ್ಕಾರಿ ವಿಶ್ವವಿದ್ಯಾಲಯಕ್ಕೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಮೌಲ್ಯಮಾಪನವಾದ ತನ್ನ ಉತ್ತರಪತ್ರಿಕೆ ನೋಡುವ ಹಕ್ಕು ವಿದ್ಯಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಮಾಹಿತಿ ಹಕ್ಕು ಅರ್ಜಿಗೆ ಉತ್ತರ ಕೊಡಲು ಗಡುವು 30 ದಿನ.

ಕೊನೆಯ ಮೆಟ್ಟಿಲು ಧಾರವಾಡದಲ್ಲೇ ಇರುವ ಹೈಕೋರ್ಟ್ ಪೀಠ. ವಕೀಲರ ಫೀ ನೆನೆದು ಹಿಂಜರಿಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ವಕೀಲರ ನೆರವು ಉಚಿತ. ಉಳಿದ ಬಡವರಿಗೆ ಆದಾಯ ಮಿತಿಯೊಳಗೆ ಸಿಗುತ್ತದೆ. ನವಲಗುಂದ ನ್ಯಾಯಾಲಯದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ನೋಟಿಸ್ ಬಂದ ದಿನವೇ ಈ ಕೆಲಸ ಶುರುವಾಗಲಿ. ಉತ್ತರ ಕೊಡುವ ಗಡುವು ಮೀರಿದರೆ ನಿಮ್ಮ ಮಾತು ಕೇಳಿಸಿಕೊಳ್ಳದೆಯೇ ಆದೇಶ ಹೊರಬೀಳಬಹುದು.