ಸದ್ದು ಕಡಿಮೆಯ ಜನರೇಟರು: ಆರಿಸುವ ಬಗೆ, ಕೂರಿಸುವ ಬಗೆ



2020ರ ಅಕ್ಟೋಬರ್ 12ರ ಬೆಳಗ್ಗೆ ಹತ್ತು ಗಂಟೆಯ ಸುಮಾರಿಗೆ ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ಒಮ್ಮೆಲೇ ವಿದ್ಯುತ್ತು ನಿಂತುಹೋದುದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕಲವಾ ಮತ್ತು ಪಡಘಾ ಕೇಂದ್ರಗಳ ನಡುವಣ 400 ಕಿಲೋವೋಲ್ಟ್ ಮಾರ್ಗಗಳು ಕೈಕೊಟ್ಟಿದ್ದವು. ಲೋಕಲ್ ರೈಲುಗಳು ನಿಂತವು. ಅದು ಕೋವಿಡ್ಡಿನ ಕಾಲವಾದುದರಿಂದ ಆಸ್ಪತ್ರೆಗಳ ಚಿಂತೆ ಬೇರೆ. ಅದಕ್ಕೂ ಮೊದಲು 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಎಷ್ಟೋ ಬಡಾವಣೆಗಳು ಕತ್ತಲಲ್ಲಿ ಕಳೆದವು.

ಇಂಥ ದಿನಗಳು ಅಪರೂಪವೆಂಬುದು ನಿಜ. ಆದರೆ ಏಳನೆಯ ಮಹಡಿಯಲ್ಲಿ ಹೃದ್ರೋಗಿಯಾದ ತಾಯಿ ಇದ್ದರೆ, ಉಸಿರಾಟಕ್ಕೆ ಯಂತ್ರದ ಆಸರೆ ಬೇಕಾದ ತಂದೆ ಇದ್ದರೆ, ಅರ್ಧ ಗಂಟೆಯ ಕತ್ತಲೂ ದೊಡ್ಡದೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಆಗಬಾರದೆಂದು ನೆರೂಳದ ಅನೇಕ ಸೊಸೈಟಿಗಳಲ್ಲಿ ಜನರೇಟರಿನ ಮಾತು ಏಳುತ್ತದೆ. ಕಮಿಟಿಯಲ್ಲಿ ಕೂರುವವರು ಹೆಚ್ಚಾಗಿ ನಮ್ಮಂತೆಯೇ ಗುಮಾಸ್ತರು, ಕಾರ್ಖಾನೆಯ ನೌಕರರು. ವ್ಯಾಪಾರಿ ಹೇಳಿದ ಯಂತ್ರವನ್ನೇ ಕೊಂಡು ಆಮೇಲೆ ಪರಿತಪಿಸುವ ಬದಲು, ಮೊದಲೇ ನಾಲ್ಕು ಲೆಕ್ಕಗಳನ್ನು ತಿಳಿದಿರುವುದು ಲೇಸು. ಈ ಪಾಠದ ಉದ್ದೇಶ ಅಷ್ಟೇ.

1. ಯಾರಿಗೆ ಬೇಕು, ಯಾರಿಗೆ ಬೇಡ

ಒಂದೆರಡು ಕೋಣೆಯ ಮನೆಯವರು ತಮಗಾಗಿಯೇ ಜನರೇಟರನ್ನು ಕೊಳ್ಳುವ ಅಗತ್ಯವಿಲ್ಲ. ಅವರಿಗೆ ಇನ್ವರ್ಟರೇ ಸಾಕು. 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ವಿದ್ಯುತ್ತು ಇರುತ್ತದೆ. ನಷ್ಟ ಕಳೆದು ಕೈಗೆ ಬರುವುದು ಸುಮಾರು 1.2 ಯೂನಿಟ್. ಎರಡು ಫ್ಯಾನು, ನಾಲ್ಕು ದೀಪ ಸೇರಿ 200 ವಾಟ್ ಆದರೆ ಆರು ಗಂಟೆ ನಡೆಯುತ್ತದೆ. ಮನೆಯಲ್ಲಿ ಬಳಸುವ ಆಮ್ಲಜನಕದ ಕಾನ್ಸೆಂಟ್ರೇಟರು ಸುಮಾರು 350 ವಾಟ್ ಎಳೆಯುವುದರಿಂದ ಅದೊಂದೇ ಇದ್ದರೂ ಮೂರು ಗಂಟೆಯಷ್ಟೇ. ಅಂಥ ರೋಗಿಯಿರುವ ಮನೆಯಲ್ಲಿ ತುಂಬಿದ ಸಿಲಿಂಡರೊಂದು ಸದಾ ಸಿದ್ಧವಾಗಿರಬೇಕು. ಜನರೇಟರನ್ನೊಂದನ್ನೇ ನಂಬಿ ಕೂರಬಾರದು.

ಸಣ್ಣ ಪೆಟ್ರೋಲ್ ಜನರೇಟರನ್ನು ಗ್ಯಾಲರಿಯಲ್ಲೋ ಅಂಗಡಿಯ ಒಳಗೋ ಓಡಿಸುವುದು ಪ್ರಾಣಕ್ಕೆ ಸಂಚಕಾರ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಂತೆಯೇ ಪ್ರಾಣ ಬಿಡುತ್ತಾರೆ.

ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪ ಇವು ಇನ್ವರ್ಟರಿನ ಕೈಗೆ ಎಟುಕುವ ಕೆಲಸಗಳಲ್ಲ. ಇವುಗಳಿಗೆ ಇಡೀ ಕಟ್ಟಡಕ್ಕೆ ಒಂದು ಡೀಸೆಲ್ ಜನರೇಟರು ತಕ್ಕುದು.

2. ಭಾರದ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಮೊದಲು ಯಾವ ಯಾವ ಯಂತ್ರ ನಡೆಯಬೇಕೆಂಬ ಪಟ್ಟಿ ಬರೆಯಿರಿ. ಉದಾಹರಣೆಗೆ, ಏಳು ಮಹಡಿ, 28 ಮನೆಗಳ ಕಟ್ಟಡವನ್ನು ತೆಗೆದುಕೊಳ್ಳೋಣ. ಒಂದು ಅಶ್ವಶಕ್ತಿ ಎಂದರೆ 746 ವಾಟ್.

ಲಿಫ್ಟಿನ ಮೋಟಾರು 7.5 ಅಶ್ವಶಕ್ತಿ: 5.6 ಕಿಲೋವಾಟ್.
ನೀರಿನ ಪಂಪು 5 ಅಶ್ವಶಕ್ತಿ: 3.7 ಕಿಲೋವಾಟ್.
ಎರಡೂ ಸೇರಿ 9.3. ಮೋಟಾರು ತಾನು ಕೊಡುವುದಕ್ಕಿಂತ ಹೆಚ್ಚು ಉಣ್ಣುವುದರಿಂದ ಇದನ್ನು 0.85ರಿಂದ ಭಾಗಿಸಿದರೆ ಸುಮಾರು 10.9 ಕಿಲೋವಾಟ್.
ಮೆಟ್ಟಿಲು, ಗೇಟು, ಕಾವಲುಗಾರನ ಕೋಣೆ: 0.7 ಕಿಲೋವಾಟ್.
ಮನೆಗೆ 150 ವಾಟಿನಂತೆ 28 ಮನೆಗಳಿಗೆ: 4.2 ಕಿಲೋವಾಟ್.
ಒಟ್ಟು 15.8 ಕಿಲೋವಾಟ್.

ಜನರೇಟರುಗಳನ್ನು ಅಳೆಯುವುದು ಕೆವಿಎ ಎಂಬ ಮಾನದಿಂದ. ಕಿಲೋವಾಟನ್ನು 0.8ರಿಂದ ಭಾಗಿಸಿದರೆ ಕೆವಿಎ ಸಿಗುತ್ತದೆ. ಇಲ್ಲಿ 19.75 ಬಂದಿತು. ಹಾಗಾದರೆ 20 ಕೆವಿಎ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಮೋಟಾರನ್ನು ನೇರವಾಗಿ ಚಾಲೂ ಮಾಡಿದ ಕ್ಷಣದಲ್ಲಿ ಅದು ಮಾಮೂಲಿಗಿಂತ ಆರೇಳು ಪಟ್ಟು ಕರೆಂಟು ಎಳೆಯುತ್ತದೆ. ಆಗ ವೋಲ್ಟೇಜು ಕುಸಿದು ದೀಪಗಳು ಮಂಕಾಗುತ್ತವೆ, ಲಿಫ್ಟು ನಡುದಾರಿಯಲ್ಲಿ ನಿಲ್ಲಲೂಬಹುದು. ಸ್ಟಾರ್-ಡೆಲ್ಟಾ ಸ್ಟಾರ್ಟರು ಈ ಎಳೆತವನ್ನು ಮೂರನೆಯ ಒಂದಕ್ಕೆ ಇಳಿಸುತ್ತದೆ. ಹೊಸ ಬಗೆಯ ಲಿಫ್ಟುಗಳ ಡ್ರೈವು ಇನ್ನೂ ಮೆಲ್ಲನೆ ಚಾಲೂ ಮಾಡುತ್ತದೆ. ಇಷ್ಟಿದ್ದರೆ 25 ಕೆವಿಎ ಯಂತ್ರ ಈ ಕಟ್ಟಡಕ್ಕೆ ಒಪ್ಪುತ್ತದೆ.

ಖರ್ಚು ಉಳಿಸುವ ದಾರಿಯೂ ಇದೆ. ಲಿಫ್ಟು ಮತ್ತು ಪಂಪು ಏಕಕಾಲಕ್ಕೆ ನಡೆಯದಂತೆ ಇಂಟರ್‌ಲಾಕ್ ಹಾಕಿಸಿ, ಮನೆಗಳ ದೀಪವನ್ನು ಕೈಬಿಟ್ಟರೆ ಭಾರ ಏಳೂವರೆ ಕಿಲೋವಾಟಿನೊಳಗೆ ಬರುತ್ತದೆ. ಆಗ 15 ಕೆವಿಎ ಯಂತ್ರದ ಮಾತಾಡಬಹುದು. ‘ಇರಲಿ, ದೊಡ್ಡದನ್ನೇ ಕೊಳ್ಳೋಣ’ ಎನ್ನುವುದೂ ತಪ್ಪು. ಡೀಸೆಲ್ ಎಂಜಿನು ಶಕ್ತಿಯ ಮೂರನೆಯ ಒಂದು ಪಾಲಿಗಿಂತ ಕಡಿಮೆ ಭಾರದಲ್ಲಿ ಬಹುಕಾಲ ಓಡಿದರೆ ಎಣ್ಣೆ ಪೂರ್ತಿ ಉರಿಯದೆ ಕೊಳವೆಯಲ್ಲಿ ಮಸಿ, ಜಿಡ್ಡು ಕಟ್ಟುತ್ತದೆ.

ಮನೆಗಳಿಗೆ ದೀಪ ಕೊಡುವುದಾದರೆ ಪ್ರತ್ಯೇಕ ತಂತಿ ಎಳೆದು, ಮನೆಗೊಂದು ಸಣ್ಣ ಎಂಸಿಬಿ ಕೂರಿಸಿರಿ. ಇಲ್ಲವಾದರೆ ಒಬ್ಬರು ಗೀಸರು ಹಚ್ಚಿ 27 ಮನೆಗಳನ್ನು ಕತ್ತಲಲ್ಲಿ ಕೂರಿಸುವರು.

3. ಸದ್ದಿನ ಲೆಕ್ಕ

ನಮ್ಮ ದೇಶದ ನಿಯಮದಂತೆ, ಮುಚ್ಚಿದ ಪೆಟ್ಟಿಗೆಯೊಳಗಿನ ಡೀಸೆಲ್ ಜನರೇಟರಿನ ಸದ್ದು ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದು. ‘ಸೈಲೆಂಟ್’ ಎಂದು ಬರೆದಿದ್ದ ಮಾತ್ರಕ್ಕೆ ಅದು ಮೌನಿಯಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45.

ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರಿನಲ್ಲಿ 75 ಇದ್ದುದು 2ರಲ್ಲಿ 69, 4ರಲ್ಲಿ 63, 8ರಲ್ಲಿ 57, 16ರಲ್ಲಿ 51. ಹದಿನಾರು ಮೀಟರ್ ದೂರದಲ್ಲೂ ರಾತ್ರಿಯ ಮಿತಿಗೆ ಅದು ಬರಲಿಲ್ಲವೆಂಬುದನ್ನು ಗಮನಿಸಿರಿ. ಎರಡು ಕಟ್ಟಡಗಳ ನಡುವಣ ಓಣಿಯಲ್ಲಿಟ್ಟರಂತೂ ಗೋಡೆಗಳಿಗೆ ಬಡಿದು ಮರಳುವ ಸದ್ದು ಇಷ್ಟೂ ಇಳಿಯದು. ಆದುದರಿಂದ ಯಂತ್ರದ ಜಾತಿಯಷ್ಟೇ ಅದನ್ನಿಡುವ ಜಾಗವೂ ಮುಖ್ಯ.

ಕೊಳ್ಳುವಾಗ ಎಂಜಿನಿನ ವೇಗವನ್ನೂ ಕೇಳಿರಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ನಾಲ್ಕು ಧ್ರುವಗಳ ಆಲ್ಟರ್ನೇಟರು ಇದನ್ನು ನಿಮಿಷಕ್ಕೆ 1500 ಸುತ್ತಿನಲ್ಲಿ ಕೊಡುತ್ತದೆ. ಎರಡು ಧ್ರುವಗಳದಕ್ಕೆ 3000 ಸುತ್ತು ಬೇಕು. ಮೊದಲನೆಯದರಲ್ಲಿ ಸದ್ದೂ ಸವೆತವೂ ಕಡಿಮೆ.

4. ಜಾಗ, ಅಡಿಪಾಯ, ಹೊಗೆಯ ಕೊಳವೆ

ಯಂತ್ರವನ್ನು ಯಾರ ಮಲಗುವ ಕೋಣೆಯ ಕಿಟಕಿಯ ಕೆಳಗೂ ಇಡಬಾರದು. ಕಮಿಟಿಯಲ್ಲಿ ಮಾತಾಡದ, ನೆಲಮಹಡಿಯ ಬಾಡಿಗೆದಾರನ ಕಿಟಕಿಯೂ ಕಿಟಕಿಯೇ. ಜಾಗ ಗೊತ್ತುಪಡಿಸುವ ಮುನ್ನ ಅಲ್ಲಿ ವಾಸಿಸುವವರನ್ನು ಕರೆದು ಕೇಳುವುದು ನ್ಯಾಯ. ಮುಂದಿನ ತಕರಾರುಗಳೂ ಅದರಿಂದ ತಪ್ಪುತ್ತವೆ.

ಮಳೆಗಾಲದಲ್ಲಿ ನೀರು ನಿಲ್ಲುವ ಮಟ್ಟಕ್ಕಿಂತ ಎತ್ತರವಾಗಿ ಕಾಂಕ್ರೀಟಿನ ಕಟ್ಟೆ ಕಟ್ಟಿಸಿರಿ. ಅದು ಕಟ್ಟಡದ ಗೋಡೆಗೆ ಅಂಟಿಕೊಂಡಿರಬಾರದು. ಯಂತ್ರದ ಅಡಿಗೆ ರಬ್ಬರಿನ ಅದುರುತಡೆ ಇರಬೇಕು. ಇಲ್ಲವಾದರೆ ಅದುರು ಗೋಡೆಯೊಳಗೆ ಹೊಕ್ಕು ಮೂರನೆಯ ಮಹಡಿಯ ಪಾತ್ರೆಗಳನ್ನೂ ನಡುಗಿಸೀತು. ಗಾಳಿ ಒಳಹೋಗುವ, ಬಿಸಿಗಾಳಿ ಹೊರಬರುವ ದಾರಿಗಳನ್ನು ಮುಚ್ಚಕೂಡದು. ನೆರೂಳದ ಗಾಳಿಯಲ್ಲಿ ಖಾಡಿಯ ಉಪ್ಪು ಇರುವುದರಿಂದ ಪೆಟ್ಟಿಗೆಯ ಬಣ್ಣ, ತಿರುಪುಗಳ ತುಕ್ಕನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕು.

ಹೊಗೆಯ ಕೊಳವೆಯ ವಿಷಯದಲ್ಲಿ ಅನೇಕರು ಎಡವುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರ ಹೀಗಿದೆ: ಜನರೇಟರು ಇರುವ ಕಟ್ಟಡದ ಎತ್ತರಕ್ಕೆ, ಕೆವಿಎಯ ವರ್ಗಮೂಲದ 0.2ರಷ್ಟು ಮೀಟರನ್ನು ಕೂಡಿಸಬೇಕು. 25ರ ವರ್ಗಮೂಲ 5, ಅದರ 0.2 ಎಂದರೆ 1. ಅಂದರೆ ಕೊಳವೆ ಕಟ್ಟಡದ ತಾರಸಿಗಿಂತ ಒಂದು ಮೀಟರ್ ಮೇಲೆ ಹೋಗಬೇಕು. ಮೊದಲ ಮಹಡಿಯ ಕಿಟಕಿಯ ಬಳಿ ಕೊಳವೆಯನ್ನು ಕೊನೆಗಾಣಿಸಿದರೆ ಆ ಮನೆಯ ಮಕ್ಕಳ ಎದೆಗೂಡೇ ಹೊಗೆಗೂಡಾದೀತು. ದರಪಟ್ಟಿಯಲ್ಲಿ ಈ ಕೊಳವೆಯ ಖರ್ಚು ಸೇರಿದೆಯೇ ಎಂದು ತಪ್ಪದೆ ನೋಡಿರಿ.

5. ಚೇಂಜ್‌ಓವರ್ ಸ್ವಿಚ್ಚು ಮತ್ತು ಅರ್ತಿಂಗ್

ಈ ಭಾಗವನ್ನು ಎರಡು ಸಲ ಓದಿರಿ. ಜನರೇಟರಿನ ತಂತಿಯೂ ಮಹಾವಿತರಣದ ತಂತಿಯೂ ಎಂದೆಂದಿಗೂ ಒಂದನ್ನೊಂದು ಕೂಡಬಾರದು. ಕೂಡಿದರೆ ನಮ್ಮ ಜನರೇಟರಿನ ವಿದ್ಯುತ್ತು ಹಿಂದಕ್ಕೆ ಹರಿದು, ಟ್ರಾನ್ಸ್‌ಫಾರ್ಮರಿನಲ್ಲಿ ಸಾವಿರಾರು ವೋಲ್ಟಿಗೆ ಏರಿ, ‘ಲೈನು ಸತ್ತಿದೆ’ ಎಂದು ನಂಬಿ ದುರಸ್ತಿಗೆ ಕೈಹಾಕಿದ ನೌಕರನನ್ನು ಕೊಲ್ಲಬಲ್ಲುದು. ಅವನೂ ನಮ್ಮಂತೆಯೇ ಸಂಬಳಕ್ಕೆ ದುಡಿಯುವವನು. ಅವನಿಗೂ ಮನೆಯಲ್ಲಿ ಕಾಯುವವರಿದ್ದಾರೆ. ಇದನ್ನು ತಡೆಯುವುದೇ ನಾಲ್ಕು ಧ್ರುವದ ಚೇಂಜ್‌ಓವರ್ ಸ್ವಿಚ್ಚು. ಅದು ಒಂದನ್ನು ಬಿಡಿಸದೆ ಇನ್ನೊಂದನ್ನು ಹಿಡಿಯಲಾರದು. ಕೈಯಿಂದ ತಿರುಗಿಸುವುದಾಗಲಿ, ತಾನಾಗಿ ತಿರುಗುವುದಾಗಲಿ, ಈ ಯಾಂತ್ರಿಕ ತಡೆ ಇರಲೇಬೇಕು. ಪ್ಲಗ್ಗಿನ ಮೂಲಕ ಜನರೇಟರನ್ನು ಮನೆಯ ಸಾಕೆಟ್ಟಿಗೆ ಚುಚ್ಚುವ ‘ಜುಗಾಡ್’ ಕೊಲೆಗೆ ಸಮಾನ.

ಆಲ್ಟರ್ನೇಟರಿನ ನ್ಯೂಟ್ರಲ್ಲಿಗೆ ಎರಡು, ಯಂತ್ರದ ಮೈಗೆ ಎರಡು ಪ್ರತ್ಯೇಕ ಅರ್ತಿಂಗ್ ಕೊಡಿಸಿರಿ. ಕೆಲಸವನ್ನು ಪರವಾನಗಿಯುಳ್ಳ ಗುತ್ತಿಗೆದಾರನಿಂದಲೇ ಮಾಡಿಸಿ, ವಿದ್ಯುತ್ ನಿರೀಕ್ಷಕರ ಕಚೇರಿಯ ಕಾಗದಪತ್ರಗಳನ್ನು ಅವನಿಂದಲೇ ಪೂರೈಸಿಕೊಳ್ಳಿರಿ.

6. ಖರೀದಿ ಮತ್ತು ಪಾಲನೆ

ಸೊಸೈಟಿಯ ಸರ್ವಸಾಧಾರಣ ಸಭೆಯಲ್ಲಿ ನಿರ್ಣಯ ಮಾಡಿ, ಕನಿಷ್ಠ ಮೂವರಿಂದ ದರಪಟ್ಟಿ ತರಿಸಿರಿ. 2023ರ ಜುಲೈ 1ರಿಂದ 800 ಕಿಲೋವಾಟ್‌ವರೆಗಿನ ಹೊಸ ಯಂತ್ರಗಳಿಗೆ ಹೊಗೆಯ ನಿಯಮ ಬಿಗಿಯಾಗಿದೆ. ಅದಕ್ಕೆ ಹೊಂದುವ ಪ್ರಮಾಣಪತ್ರವನ್ನು ಕೇಳಿರಿ. ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ.

ಹದವಾದ ಭಾರದಲ್ಲಿ ಒಂದು ಲೀಟರ್ ಡೀಸೆಲ್ಲಿನಿಂದ ಸುಮಾರು ಮೂರು ಯೂನಿಟ್ ಸಿಗುತ್ತದೆ. ಆ ದಿನದ ಡೀಸೆಲ್ ಬೆಲೆಯನ್ನು ಮೂರರಿಂದ ಭಾಗಿಸಿ, ಬಿಲ್ಲಿನಲ್ಲಿರುವ ಯೂನಿಟ್ ದರದೊಡನೆ ಹೋಲಿಸಿ ನೋಡಿದರೆ, ಇದು ಆಪತ್ತಿನ ಸಾಧನವೇ ಹೊರತು ನಿತ್ಯದ್ದಲ್ಲವೆಂಬುದು ಮನದಟ್ಟಾಗುತ್ತದೆ.

ತಿಂಗಳಿಗೆ ಒಂದೆರಡು ಸಲ, ಹಗಲಿನಲ್ಲಿ, ಭಾರ ಹಾಕಿಯೇ ಕಾಲು ಗಂಟೆ ಓಡಿಸಿರಿ. ಬೇಕಾದ ಹೊತ್ತಿಗೆ ಯಂತ್ರ ಚಾಲೂ ಆಗದಿರಲು ಬಹುಮಟ್ಟಿಗೆ ಕಾರಣ ಸತ್ತ ಬ್ಯಾಟರಿ. ಎಣ್ಣೆ, ನೀರು, ಬ್ಯಾಟರಿ, ಓಡಿದ ಗಂಟೆ ಇವನ್ನು ಬರೆದಿಡಲು ಒಂದು ನೋಟುಪುಸ್ತಕವಿರಲಿ. ಕಾವಲುಗಾರರಿಗೆ ಚಾಲೂ ಮಾಡುವ, ನಿಲ್ಲಿಸುವ ಕ್ರಮವನ್ನು ಕಲಿಸಿ, ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಅಂಟಿಸಿರಿ. ಡೀಸೆಲ್ ಹಾಕುವಾಗ ಯಂತ್ರ ನಿಂತಿರಬೇಕು. ಹತ್ತಿರ ಬೆಂಕಿ ಆರಿಸುವ ಸಾಧನ ಇರಬೇಕು.

ಅಭ್ಯಾಸ

(1) ನಿಮ್ಮ ಕಟ್ಟಡದ ಲಿಫ್ಟು ಮತ್ತು ಪಂಪುಗಳ ಮೇಲಿನ ಫಲಕಗಳನ್ನು ಓದಿ, ಮೇಲಿನಂತೆ ಭಾರದ ಪಟ್ಟಿ ಮಾಡಿರಿ.
(2) 100 ಕೆವಿಎ ಯಂತ್ರದ ಹೊಗೆ ಕೊಳವೆ ಕಟ್ಟಡಕ್ಕಿಂತ ಎಷ್ಟು ಎತ್ತರವಿರಬೇಕು? (ಉತ್ತರ: 2 ಮೀಟರ್.)
(3) ನಿಮ್ಮ ಸೊಸೈಟಿಯಲ್ಲಿ ಈಗಾಗಲೇ ಜನರೇಟರು ಇದ್ದರೆ, ಚೇಂಜ್‌ಓವರ್ ಸ್ವಿಚ್ಚು ಎಲ್ಲಿದೆ, ಅದನ್ನು ಯಾರು ತಿರುಗಿಸುತ್ತಾರೆ ಎಂಬುದನ್ನು ಈ ಭಾನುವಾರವೇ ವಿಚಾರಿಸಿರಿ.