ಮಿತಿಯ ನಡುವೆ ಮಾರುಕಟ್ಟೆ: ಸಾಲ್ಕಾಂಟೆ ಹಾದಿಯ ಪಾಠ

ಪೆರು ದೇಶದ ಆಂಡೀಸ್ ಪರ್ವತಗಳಲ್ಲಿ, 2,430 ಮೀಟರ್ ಎತ್ತರದಲ್ಲಿರುವ ಮಾಚು ಪಿಚು, 15ನೆಯ ಶತಮಾನದ ಇಂಕಾ ನೆಲೆಯ ಅವಶೇಷ. 1983ರಲ್ಲಿ ಇದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಗೆ ಸಾಗುವ ಇಂಕಾ ಕಾಲುಹಾದಿಯಲ್ಲಿ ಮಾರ್ಗದರ್ಶಕರು, ಹೊರೆಯಾಳುಗಳೂ ಸೇರಿ ದಿನಕ್ಕೆ 500 ಮಂದಿಗೆ ಮಾತ್ರ ಪ್ರವೇಶ. ಫೆಬ್ರವರಿಯಲ್ಲಿ ಹಾದಿಯನ್ನೇ ಮುಚ್ಚಲಾಗುತ್ತದೆ. ಬೇಡಿಕೆ ಅಪಾರ, ಪೂರೈಕೆ ನಿಗದಿತ.

ಈ ಮಿತಿಗೆ ಒಳಪಡದ ಸಾಲ್ಕಾಂಟೆ ಹಾದಿಯು 4,600 ಮೀಟರಿಗೂ ಎತ್ತರದ ಘಟ್ಟವನ್ನು ದಾಟುತ್ತದೆ. ಇಲ್ಲಿ ಒಂದೊಂದು ದಿನದ ನಡಿಗೆಯ ಅಂತರದಲ್ಲಿ ವಸತಿಗೃಹಗಳಿವೆ. ಮಾರ್ಗದರ್ಶಕನು ಜೊತೆಗಿರುತ್ತಾನೆ; ಸಾಮಾನನ್ನು ಹೇಸರಗತ್ತೆಗಳು ಹೊರುತ್ತವೆ. ಗ್ರಾಹಕನು ಹಣ ತೆರುವುದು ಅವಶೇಷದ ದರ್ಶನಕ್ಕಷ್ಟೇ ಅಲ್ಲ. ದಣಿದ ದೇಹಕ್ಕೆ ದೊರೆಯುವ ಬಿಸಿನೀರು, ಬಿಸಿಯೂಟ, ಬೆಚ್ಚನೆಯ ಹಾಸಿಗೆಗೂ ಹೌದು. ಸರಕು ಒಂದೇ ಆದರೂ ಸೇವೆಯಿಂದ ಮೌಲ್ಯ ಹೆಚ್ಚುತ್ತದೆ.

ಆದರೆ ಒಂದು ಎಚ್ಚರಿಕೆ. ಮಾಚು ಪಿಚುವಿನ ಪ್ರವೇಶಪತ್ರಗಳಿಗೂ ದೈನಂದಿನ ಮಿತಿಯುಂಟು. ಅದನ್ನು ಮೊದಲೇ ಕಾಯ್ದಿರಿಸದ ವ್ಯವಸ್ಥಾಪಕನು ಐದಾರು ದಿನಗಳ ಉತ್ತಮ ಸೇವೆಯನ್ನು ಕೊನೆಯ ಬಾಗಿಲಲ್ಲಿ ಕಳೆದುಕೊಳ್ಳುತ್ತಾನೆ.

ಹೊಸ ಆದೇಶ ಒಪ್ಪಿಕೊಳ್ಳುವ ಮುನ್ನ ಸದಸ್ಯ ಬಾಂಧವರು ಇದನ್ನೇ ಕೇಳಿಕೊಳ್ಳಬೇಕು: ನಮ್ಮ ಸರಕು ದಾಟಬೇಕಾದ ಕೊನೆಯ ಬಾಗಿಲು ಯಾವುದು? ಪರವಾನಗಿಯೇ, ತಪಾಸಣೆಯೇ, ಸಾಗಣೆಯೇ? ಅದನ್ನು ಮೊದಲು ಭದ್ರಪಡಿಸಿ, ಅನಂತರ ಮುಂಗಡ ಸ್ವೀಕರಿಸುವುದು ಲೇಸು.